ಕೋರಿಕೆಯ ಮೇರೆಗೆ

ಫೆಬ್ರವರಿ 11

ಮಗನೇ,

ಮೊದಲು ಈ ಪತ್ರ ಬಿಚ್ಚಿ ಓದುವ ಜೈಲಿನ ಸಾಹೇಬರಿಗೆ ಒಂದು ನಮಸ್ಕಾರ. ಸಾಹೇಬರೇ, ಇದರಲ್ಲಿ ಗರಗಸವೂ ಇಲ್ಲ, ಗುಟ್ಟೂ ಇಲ್ಲ. ತಾಯಿಯೊಬ್ಬಳ ಕೊರೆತ ಇದೆ, ಅಷ್ಟೇ. ಓದಿ ಮುಗಿಸಿ ಬೇಗ ಅವನ ಕೈಗೆ ಕೊಡಿ.

ಮೊನ್ನೆ ನಿನ್ನನ್ನು ನೋಡಲು ಬಂದವಳು ನೋಡಿದ್ದಷ್ಟೇ ಬಂತು, ಮಾತಾಡಿದ್ದು ಒಂದೂ ಇಲ್ಲ. ಆ ಕಡೆ ಒಂದು ಜಾಲರಿ, ಈ ಕಡೆ ಒಂದು ಜಾಲರಿ, ನಡುವೆ ಒಬ್ಬ ಪೊಲೀಸಿನವನು ಓಡಾಡುವಷ್ಟು ಜಾಗ. ಆಚೆ ನೀವೆಲ್ಲ, ಈಚೆ ನಾವೆಲ್ಲ, ಎಲ್ಲರೂ ಒಟ್ಟಿಗೆ ಗಂಟಲು ಹರಿದುಕೊಳ್ಳುತ್ತಿದ್ದೆವು. ನನ್ನ ಪಕ್ಕದವಳು "ಮಗೂಗೆ ಹಲ್ಲು ಬಂದಿದೆ" ಅಂತ ಕೂಗಿದರೆ ಅವಳ ಗಂಡನ ಬದಲು ಇನ್ಯಾರೋ "ಯಾವ ವಕೀಲ?" ಅಂತ ಕೇಳಿದ. ನಾನೂ ಕೂಗಿದೆ. ನನ್ನ ಬಾಯಿಯ ವಿಷಯ ನಿನಗೆ ಹೇಳಬೇಕಾಗಿಲ್ಲ. ಆದರೆ ನೀನು ಕೂಗಲಿಲ್ಲ. ನಿನ್ನ ತುಟಿ ಅಲ್ಲಾಡುತ್ತಿತ್ತು, ಮಾತು ಮಾತ್ರ ಈಚೆಗೆ ಬರಲಿಲ್ಲ. ಲಾರಿ ಯಾರ್ಡಿನ ಡ್ರೈವರುಗಳು ನಿನಗೆ ಮೂಗ ಅಂತ ಹೆಸರಿಟ್ಟದ್ದು ಸರಿಯಾಗೇ ಇದೆ ಅಂತ ಸಿಟ್ಟು ಬಂತು. ಬಸ್ಸಿನಲ್ಲಿ ಕೂತ ಮೇಲೆ ಅಳು ಬಂತು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಡ್ರಾಯಿಂಗ್ ಮೇಷ್ಟ್ರನ್ನು ಮಸಣಕ್ಕೆ ಕಳಿಸಿಕೊಟ್ಟೆವು. ಬೀದಿಗೆ ಬೀದಿಯೇ ಬಂದಿತ್ತು. ಅರ್ಧ ಬೀದಿ ಅವರ ಕೈಯಲ್ಲೇ ಚಿತ್ರ ಬರೆಯಲು ಕಲಿತದ್ದಲ್ಲವೇ, ನೀನೂ ಸೇರಿ. ನೀನು ಬರೆದ ಕುದುರೆ ನೋಡಿ "ಇದಕ್ಕೆ ಸ್ಟೇರಿಂಗ್ ಎಲ್ಲಯ್ಯಾ?" ಅಂತ ಕೇಳಿದ್ದರು. ಆಗ ನೀನಿನ್ನೂ ಮೂರನೇ ಕ್ಲಾಸು. ಹಾಲಿನ ಪ್ಯಾಕೆಟ್ ಹಿಡಿದು ಆ ಗೋದಾಮಿನ ತಿರುವಿನಲ್ಲಿ ಬರುತ್ತಿದ್ದ ಆ ಮನುಷ್ಯ ನಿನ್ನ ಲಾರಿಗೇ ಸಿಗಬೇಕಿತ್ತೇ? ಲೋಕದಲ್ಲಿ ಬೇರೆ ಲಾರಿ ಇರಲಿಲ್ಲವೇ? ಹೀಗೆ ಕೇಳುವುದು ತಪ್ಪು ಅಂತ ಗೊತ್ತು. ಆದರೂ ದಿನಕ್ಕೆ ಹತ್ತು ಸಲ ಕೇಳಿಕೊಳ್ಳುತ್ತೇನೆ.

ನಾನು ಎಲ್ಲರಿಗಿಂತ ಹಿಂದೆ ನಿಂತಿದ್ದೆ. ಮೇಷ್ಟ್ರ ಹೆಂಡತಿ, ಆ ಮನೆಯ ಅಕ್ಕ, ನನ್ನ ಕಡೆ ತಿರುಗಿ ನೋಡಲಿಲ್ಲ. ಇಷ್ಟು ವರ್ಷ ಅವರ ಅಡಿಗೆಮನೆಯ ಕಿಟಕಿ, ನನ್ನ ಅಡಿಗೆಮನೆಯ ಕಿಟಕಿ ಎದುರುಬದುರು. ಈಗ ಅವರದು ಮುಚ್ಚಿದೆ.

ಊಟ ಬಿಡಬೇಡ. ಮುಂದಿನ ಸಲ ಬಂದಾಗ ಸ್ವಲ್ಪ ಬಾಯಿ ತೆರೆ.

ಅಮ್ಮ


ಫೆಬ್ರವರಿ 26

ಅಮ್ಮ,

ಪತ್ರ ಸಿಕ್ಕಿತು. ಓದುವ ಸಾಹೇಬರು ನಿನ್ನ ನಮಸ್ಕಾರ ನೋಡಿ ನಕ್ಕು "ನಿಮ್ಮಮ್ಮ ಜೋರಿದಾರಲ್ಲಯ್ಯ" ಅಂದರು. ಇಲ್ಲಿಗೆ ಬಂದ ಮೇಲೆ ಯಾರಾದರೂ ನಕ್ಕದ್ದು ಕೇಳಿದ್ದು ಅದೇ ಮೊದಲು.

ನಾನು ಕೂಗಲಿಲ್ಲ, ನಿಜ. ಕೂಗಿದ್ದರೆ ಅಳು ಬಂದುಬಿಡುತ್ತಿತ್ತು. ಅಷ್ಟು ಜನರ ಮುಂದೆ ಬೇಡ ಅನ್ನಿಸಿತು.

ವಕೀಲರು ಬಂದಿದ್ದರು. ಸರ್ಕಾರದ ಕಡೆಯವರು ಒಂದೇ ಮಾತು ಹಿಡಿದು ಕೂತಿದ್ದಾರಂತೆ. ಕಾಣದ ತಿರುವಿನಲ್ಲಿ ಹಾರನ್ ಯಾಕೆ ಹೊಡೆಯಲಿಲ್ಲ? ಇಳಿಜಾರಿನಲ್ಲಿ ಲಾರಿ ಸದ್ದೇ ಇಲ್ಲದೆ ಇಳಿದು ಬಂತು ಅಂತ ಗೋದಾಮಿನ ಕಾವಲಿನವನೂ ಹೇಳಿಕೆ ಕೊಟ್ಟಿದ್ದಾನಂತೆ. ನಾನು ಆ ತಿರುವಿನ ಕಂಬದ ಮೇಲಿದ್ದ ಬೋರ್ಡಿನ ವಿಷಯ ಹೇಳಿದೆ. ವಕೀಲರು ಕುರ್ಚಿ ಎಳೆದುಕೊಂಡು ಹತ್ತಿರ ಬಂದು ಕೂತರು. "ಹಾರನ್ ಹೊಡೀಬಾರದು ಅಂತ ನಗರಸಭೆ ಬೋರ್ಡೇ ಇತ್ತಾ? ಮೊದಲೇ ಹೇಳೋದಲ್ವಾ? ನಿಯಮ ಪಾಲಿಸಿದೋನನ್ನ ಬೇಜವಾಬ್ದಾರಿ ಅನ್ನೋಕೆ ಬರಲ್ಲ" ಅಂದರು. ಬೋರ್ಡು ತೋರಿಸಿದರೆ ಶಿಕ್ಷೆ ಸಣ್ಣದರಲ್ಲಿ ಮುಗಿಯಬಹುದು, ಇಲ್ಲದಿದ್ದರೆ ವರ್ಷಗಟ್ಟಲೆ ಒಳಗಿರಬೇಕಾಗುತ್ತದೆ ಅಂತಲೂ ಹೇಳಿದರು. ಯಾರ ಕೈಲಾದರೂ ಅದರದೊಂದು ಫೋಟೋ ತೆಗೆಸಿ ಅವರ ಆಫೀಸಿಗೆ ಮುಟ್ಟಿಸು.

ಆ ಬೋರ್ಡಿಗಾಗಿ ನಾನು ಎಷ್ಟು ಜನರ ಬಾಯಿಗೆ ಬಿದ್ದೆ! ಯಾರ್ಡಿನ ಗೇಟಿನಲ್ಲಿ ನನ್ನ ಲಾರಿ ಕಂಡರೆ ಸಾಕು, "ಮೂಗ ಬಂದ, ದಾರಿ ಬಿಡ್ರೋ, ಅವನಿಗೆ ಕೇಳೋಕೆ ಬಾಯಿಲ್ಲ" ಅಂತ ಶುರು ಮಾಡುತ್ತಿದ್ದರು. ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಅಪ್ಪ ಮುಂದಿನ ಕೋಣೆಯಲ್ಲಿ ಮಲಗಿದಲ್ಲೇ ಆದ ವರ್ಷ ಪ್ರತಿಯೊಂದು ಹಾರನ್ನಿಗೂ ಹೇಗೆ ಬೆಚ್ಚಿಬೀಳುತ್ತಿದ್ದರು ಅಂತ ಅವರಿಗೇನು ಗೊತ್ತು. ಹಾಗೆ ಹೊಡೆಯುವವರಲ್ಲಿ ನಾನೂ ಒಬ್ಬ ಅಂತ ಆಗೆಲ್ಲ ನಾಚಿಕೆಯಾಗುತ್ತಿತ್ತು.

ಮೇಷ್ಟ್ರ ಮುಖ ಕಣ್ಣಿಂದ ಹೋಗುತ್ತಿಲ್ಲ. ಅದರ ಬಗ್ಗೆ ಇವತ್ತು ಬರೆಯಲಾರೆ.

ನಿನ್ನ ಮಗ


ಮಾರ್ಚ್ 9

ಮಗನೇ,

ಫೋಟೋ ತೆಗೆಸಿ ಕಳಿಸುತ್ತೇನೆ ಅಂತ ಬರೆದು ನಾಲ್ಕು ದಿನ ತಳ್ಳೋಣ ಅನ್ನಿಸಿತ್ತು. ಮನಸ್ಸು ಒಪ್ಪಲಿಲ್ಲ. ಬೋರ್ಡು ಈಗ ಕಂಬದ ಮೇಲೆ ಇಲ್ಲ. ಮೇಷ್ಟ್ರು ಹೋದ ದಿನ ಸಂಜೆಯೇ ಬಿಚ್ಚಿದ್ದಾರೆ.

ಕಾಜಾ ಮಷೀನಿನ ಸೂಜಿ ಎರಡು ಮುರಿಯಿತು. ಅಂಗಡಿಯವರು ಶರ್ಟುಗಳ ರಾಶಿ ಕಳಿಸಿದ್ದಾರೆ, ಎಲ್ಲಕ್ಕೂ ಕಾಜಾ ಹೊಲಿದು ಗುಂಡಿ ಹಾಕಿ ಕೊಡಬೇಕು. ಮೊನ್ನೆ ಒಂದು ಶರ್ಟಿಗೆ ಕಾಜಾ ಒಂದು ಕಡೆ, ಗುಂಡಿ ಇನ್ನೊಂದು ಕಡೆ ಮಾಡಿಟ್ಟಿದ್ದೆ. ಹಾಕಿಕೊಂಡರೆ ಮನುಷ್ಯ ಸೊಟ್ಟಗೆ ಕಾಣುತ್ತಾನೆ. ಬಚ್ಚಲಿನ ನಲ್ಲಿ ಇನ್ನೂ ಸೋರುತ್ತಿದೆ, ನೀನು ಬಂದು ಸರಿ ಮಾಡುತ್ತೇನೆ ಅಂದದ್ದು.

ಬೋರ್ಡಿನ ವಿಷಯ ಆಮೇಲೆ ಬರೆಯುತ್ತೇನೆ.

ಅಮ್ಮ


ಮಾರ್ಚ್ 20

ಅಮ್ಮ,

ಆಮೇಲೆ ಅಂದರೆ ಯಾವಾಗ?

ವಕೀಲರು ನಗರಸಭೆಗೇ ಹೋಗಿ ಕೇಳಿದ್ದಾರೆ. ಅಲ್ಲಿಂದ ಬರೆದುಕೊಟ್ಟ ಉತ್ತರ ನನಗೆ ಓದಿ ಹೇಳಿದರು. ಸದರಿ ರಸ್ತೆಯಲ್ಲಿ ಹಾರನ್ ನಿಷೇಧಿಸಿ ಯಾವುದೇ ಆಜ್ಞೆ ಹೊರಡಿಸಿಲ್ಲ, ಲಾರಿಗಳ ಶಬ್ದ ನಿಯಂತ್ರಣ ಕೋರಿ ನಿವಾಸಿಗಳು ಕೊಟ್ಟ ಮನವಿ ಪರಿಶೀಲನೆಯಲ್ಲಿದೆ, ಅಂತ ಇದೆಯಂತೆ. ಓದಿ ಮುಗಿಸಿ ವಕೀಲರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ನನ್ನ ಹತ್ರ ಸುಳ್ಳು ಹೇಳಿದ್ರೆ ನಿನಗೇ ಕಷ್ಟ ಕಣಪ್ಪಾ" ಅಂದರು.

ನಾನು ಸುಳ್ಳು ಹೇಳಿದೆನೇ ಅಮ್ಮ? ಆ ಬೋರ್ಡು ಬಂದ ದಿನ ನೀನು ಬಾಗಿಲಲ್ಲೇ ನಿಂತು "ನೋಡು, ನಿಮ್ಮಪ್ಪನಿಗೆ ಸಿಗದ್ದು ಈಗ ಬಂತು. ಸರ್ಕಾರದೋರೇ ಬಂದು ಹಾಕಿ ಹೋದ್ರು" ಅನ್ನಲಿಲ್ಲವೇ? ಅದರ ಮೇಲೆ "ನಗರಸಭೆಯ ಆಜ್ಞೆಯ ಮೇರೆಗೆ" ಅಂತ ಬರೆದಿರಲಿಲ್ಲವೇ? ಇಷ್ಟು ತಿಂಗಳು ದಿನಾ ಬೆಳಿಗ್ಗೆ ಓದಿಕೊಂಡು ದಾಟಿದ್ದೇನೆ. ನನಗೆ ತಲೆ ಕೆಟ್ಟಿಲ್ಲ ತಾನೇ?

ಬೋರ್ಡು ಎಲ್ಲಿದೆ?

ಮಗ


ಮಾರ್ಚ್ 28

ಮಗನೇ,

ಓದುವ ಸಾಹೇಬರೇ, ನೀವೂ ಸರಿಯಾಗಿ ಓದಿಕೊಳ್ಳಿ. ಮುಚ್ಚಿಟ್ಟು ಮುಚ್ಚಿಟ್ಟು ನನಗೆ ಸಾಕಾಗಿದೆ.

ಬೋರ್ಡು ನಮ್ಮ ಮನೆಯಲ್ಲೇ ಇದೆ. ಕಾಜಾ ಮಷೀನಿನ ಹಿಂದೆ ಗೋಡೆಗೆ ಮುಖ ಮಾಡಿ ನಿಂತಿದೆ. ಅದನ್ನು ಸರ್ಕಾರ ಹಾಕಿದ್ದಲ್ಲ. ನಾವು ಹಾಕಿದ್ದು. ನಾವು ಅಂದರೆ ನಾನು.

ನಿನ್ನಪ್ಪ ಹೋದ ಮೇಲೆ ನಾನು, ಮೇಷ್ಟ್ರು, ಬೀದಿಯ ಸಂಘದ ಸೆಕ್ರೆಟರಿ ಮೂರೂ ಜನ ನಗರಸಭೆಗೆ ಅಲೆದು ಚಪ್ಪಲಿ ಸವೆಸಿದ್ದು ನಿನಗೆ ಗೊತ್ತು. ಕೇಳಿದಾಗಲೆಲ್ಲ ಪರಿಶೀಲನೆಯಲ್ಲಿದೆ. ಕೊನೆಗೆ ಪೀಡೆ ತೊಲಗಲಿ ಅಂತ ಸದ್ದು ಅಳೆಯುವವನೊಬ್ಬನನ್ನು ಕಳಿಸಿದರು. ಪುಣ್ಯಾತ್ಮ ಬಂದದ್ದು ಯಾರ್ಡಿಗೆ ರಜೆ ಇದ್ದ ದಿನ. ಒಂದು ಲಾರಿಯೂ ಇಲ್ಲ. ಮೀಟರು ಹಿಡಿದು ಬೀದಿಯ ನಡುವೆ ನಿಂತುಕೊಂಡ. ನಾನು ಹೋಗಿ ಅವನಿಗೆ ಚೆನ್ನಾಗಿ ಬೈದೆ. ಅವನು ಮೀಟರು ನನ್ನ ಕಡೆ ತಿರುಗಿಸಿ "ಅಮ್ಮಾ, ಈ ಬೀದೀಲಿ ಇರೋ ಸದ್ದು ನಿಮ್ಮದೊಂದೇ" ಅಂದ. ಮೇಷ್ಟ್ರು ನಕ್ಕು ನಕ್ಕು ಮೆಟ್ಟಿಲ ಮೇಲೆ ಕೂತುಬಿಟ್ಟರು.

ಅವನು ಹೋದ ಮೇಲೆ ನಾನೇ ಹೇಳಿದ್ದು, ನಾವೇ ಒಂದು ಬೋರ್ಡು ಹಾಕೋಣ ಅಂತ. ಮೇಷ್ಟ್ರು ಹಳೇ ತಗಡಿಗೆ ಬಿಳಿ ಬಣ್ಣ ಬಳಿದು ತಮ್ಮ ಮುದ್ದಾದ ಅಕ್ಷರದಲ್ಲಿ ಬರೆದು ತಂದರು. ನಿಶ್ಶಬ್ದ ವಲಯ. ಹಾರನ್ ಹೊಡೆಯಬಾರದು. ಕೆಳಗೆ ಸಣ್ಣದಾಗಿ, ಬೀದಿಯವರ ಕೋರಿಕೆಯ ಮೇರೆಗೆ. ಓದಿದ ಕೂಡಲೇ ನನಗೆ ನಗು ಬಂತು.

"ಕೋರಿಕೆ ಅಂದ್ರೆ ಯಾರು ಕೇಳ್ತಾರೆ ಮೇಷ್ಟ್ರೇ? ಆಜ್ಞೆ ಅಂತ ಬರೀರಿ. ನಗರಸಭೆ ಆಜ್ಞೆ."

"ಇಲ್ಲದ ಆಜ್ಞೆ ಹೇಗಮ್ಮಾ ಬರೆಯೋದು?"

"ಇವತ್ತಲ್ಲ ನಾಳೆ ಬರುತ್ತಲ್ಲ. ನಾವು ಮೊದಲೇ ಬರೆದಿಟ್ಟುಕೊಂಡಿರೋಣ. ಅವರಿಗೂ ಕೆಲಸ ಕಡಿಮೆ."

ಅವರು ಒಲ್ಲದ ಮನಸ್ಸಿನಿಂದಲೇ ಆ ಎರಡು ಪದಗಳ ಮೇಲೆ ಬಿಳಿ ಬಳಿದು, ನಮ್ಮ ವರಾಂಡದಲ್ಲೇ ಕೂತು ಹೊಸದಾಗಿ ಬರೆದರು. ಬರೆಯುವಾಗ ಒಂದು ಸಲ ಕುಂಚ ನಿಲ್ಲಿಸಿ "ಇದು ಸರಿಯಲ್ಲ ಅನ್ಸುತ್ತೆ" ಅಂದರು. ನಾನು ಟೀ ಕೊಟ್ಟು ಬಾಯಿ ಮುಚ್ಚಿಸಿದೆ.

ಉಳಿದ ಡ್ರೈವರುಗಳು ಆ ಬೋರ್ಡಿಗೂ ಸೇರಿಸಿ ಒಂದು ಹಾರನ್ ಜಾಸ್ತಿ ಹೊಡೆದುಕೊಂಡು ಹೋದರು. ನೀನು ಮಾತ್ರ ನಂಬಿದೆ. ಅದು ನಮ್ಮದೇ ಬೋರ್ಡು ಅಂತ ನಿನಗೆ ಹೇಳಬೇಕು ಅಂತ ಎಷ್ಟೋ ಸಲ ಬಾಯಿಗೆ ಬಂದಿತ್ತು. ಹೇಳಿದರೆ ನೀನೂ ಹೊಡೆಯಲು ಶುರು ಮಾಡುತ್ತೀಯ ಅಂತ ನುಂಗಿಕೊಂಡೆ. ಆ ಬೀದಿಯಲ್ಲಿ ಹಾರನ್ ಹೊಡೆಯದೆ ಹೋಗುವ ಲಾರಿ ನನ್ನ ಮಗನದು ಅಂತ ನನಗೆ ಹೆಮ್ಮೆ ಇತ್ತು. ಅಷ್ಟು ಚಿಕ್ಕ ಹೆಮ್ಮೆಗೆ ಇಷ್ಟೆಲ್ಲ ಆಯಿತು.

ಆವತ್ತು ಸಂಜೆ ಸೆಕ್ರೆಟರಿ ಬೋರ್ಡು ಬಿಚ್ಚಿ ತಂದು "ನಿಮ್ಮದು, ನೀವೇ ಇಟ್ಕೊಳ್ಳಿ" ಅಂತ ಬಾಗಿಲಿಗೆ ಒರಗಿಸಿ ಹೋದರು.

ಬೈದಾದರೂ ಒಂದು ಸಾಲು ಬರಿ.

ಅಮ್ಮ


ಏಪ್ರಿಲ್ 25

ಮಗನೇ,

ನಿನ್ನಿಂದ ಪತ್ರ ಇಲ್ಲ. ಮೊನ್ನೆ ಬಂದಾಗ ಜಾಲರಿಯ ಹತ್ತಿರಕ್ಕೂ ನೀನು ಬರಲಿಲ್ಲ. "ಬರಲ್ಲ ಅಂತಾನೆ" ಅಂತ ಪೊಲೀಸಿನವನು ಬಂದು ಹೇಳಿದ. ಅವನಿಗೇ ಬೇಜಾರಾಗಿತ್ತು ಪಾಪ, ಕೂತುಕೊಳ್ಳಲು ಸ್ಟೂಲು ಕೊಟ್ಟ. ಎಲ್ಲರೂ ಕೂಗಿ ಮುಗಿಸುವವರೆಗೆ ಅಲ್ಲೇ ಕೂತಿದ್ದು ಬಂದೆ.

ಸಿಟ್ಟಿರಲಿ. ನನ್ನ ಮೇಲೆ ಸಿಟ್ಟಾಗುವ ಹಕ್ಕು ನಿನಗಿದೆ.

ನಾನು ಕೋರ್ಟಿಗೆ ಬೋರ್ಡು ತರುವ ಯೋಚನೆಯಲ್ಲಿದ್ದೇನೆ ಅಂತ ಹೇಗೋ ಗಾಳಿಗೆ ಬಿದ್ದು, ಸೆಕ್ರೆಟರಿ ಮನೆಗೆ ಬಂದಿದ್ದರು. ಕೂರಲಿಲ್ಲ, ಹೊಸಿಲಲ್ಲೇ ನಿಂತು ಮಾತಾಡಿದರು. "ಆ ಬೋರ್ಡು ಹೊರಗೆ ಬಂದ್ರೆ ನಮ್ಮ ಮನವಿ ಸತ್ತ ಹಾಗೆ. ಈಗಷ್ಟೇ ಅದು ಮೇಲಿನ ಮೇಜಿಗೆ ಹೋಗಿದೆ. ನಗರಸಭೆ ಹೆಸರು ಹಾಕಿ ಸುಳ್ಳು ಆಜ್ಞೆ ಬರೆದ್ರು ಅಂತ ಎಲ್ಲರ ಮೇಲೂ ಕೇಸು ಬೀಳುತ್ತೆ. ಅಲ್ಲಾ, ಮೇಷ್ಟ್ರ ಹೆಸರು ಏನಾಗಬೇಕು? ತಾನೇ ಬರೆದ ಬೋರ್ಡಿಂದ ತಾನೇ ಸತ್ತ ಅಂತ ಜನ ಆಡ್ಕೊಳ್ಳಲ್ವಾ? ಆ ಅಕ್ಕನ ಮುಖ ನೋಡಿ ಸುಮ್ಮನಿರಿ."

ಅವರು ಹೋದ ಮೇಲೆ ಅಡಿಗೆಮನೆಯ ಕಿಟಕಿಯಲ್ಲಿ ನಿಂತು ಎದುರಿನ ಮುಚ್ಚಿದ ಕಿಟಕಿ ನೋಡಿದೆ. ಆ ಮನೆಯಿಂದ ಒಂದು ಜೀವ ಹೋಯಿತು. ಈಗ ಅವರ ಹೆಸರನ್ನೂ ನಾನೇ ತೆಗೆಯಬೇಕೇ? ತೆಗೆಯದಿದ್ದರೆ ನೀನು ಅಲ್ಲೇ ಕೊಳೆಯಬೇಕೇ? ಯಾವ ಕಡೆ ತಿರುಗಿದರೂ ಗೋಡೆ.

ಒಂದು ಸಾಲು ಬರಿ ಮಗಾ.

ಅಮ್ಮ


ಮೇ 17

ಅಮ್ಮ,

ಇಷ್ಟು ದಿನ ಬರೆಯಲಿಲ್ಲ. ಸಿಟ್ಟು ಬಂದಿತ್ತು. ಯಾವ ಬೋರ್ಡಿಗೆ ನಾನು ತಲೆಬಾಗಿದೆನೋ ಅದು ನಮ್ಮ ವರಾಂಡದಲ್ಲಿ ಹುಟ್ಟಿದ್ದು ಅಂತ ಗೊತ್ತಾದ ದಿನ ಊಟದ ತಟ್ಟೆ ಗೋಡೆಗೆ ಎಸೆದೆ. ಅದಕ್ಕೆ ಇಲ್ಲಿ ಶಿಕ್ಷೆಯೂ ಆಯಿತು. ಆಮೇಲೆ ಸಿಟ್ಟು ಇಳಿಯಿತು. ಇಳಿದ ಮೇಲೆ ಬೇರೊಂದು ವಿಷಯ ಕಾಣಿಸಿತು. ಇದನ್ನು ವಕೀಲರಿಗೂ ಹೇಳಿಲ್ಲ.

ಆವತ್ತು ಲೋಡ್ ತುಂಬಿಕೊಂಡು ಇಳಿಜಾರಿನಲ್ಲಿ ಬರುತ್ತಿದ್ದೆ. ಗೋದಾಮಿನ ಗೋಡೆಯ ಪಕ್ಕ ಒಂದು ಟೆಂಪೋ ನಿಂತಿತ್ತು. ಅದರ ಹಿಂದೆ ಬಿಳಿ ಬಟ್ಟೆ ಅಲ್ಲಾಡಿದ ಹಾಗಾಯಿತು. ಯಾರೋ ಇದ್ದಾರೆ ಅಂತ ನನಗೆ ತಿಳಿಯಿತು ಅಮ್ಮ. ಕೈ ತಾನಾಗಿ ಹಾರನ್ ಮೇಲೆ ಹೋಯಿತು. ಒತ್ತಲಿಲ್ಲ. ಬರೀ ಬ್ರೇಕ್ ತುಳಿದೆ. ಅವರು ನಿಲ್ಲುತ್ತಾರೆ ಅಂದುಕೊಂಡೆ, ಲಾರಿಯೂ ನಿಲ್ಲುತ್ತದೆ ಅಂದುಕೊಂಡೆ. ಎರಡೂ ಆಗಲಿಲ್ಲ.

ಆ ಕ್ಷಣದಲ್ಲಿ ನನ್ನ ತಲೆಯಲ್ಲಿ ಬಂದದ್ದು ಬೋರ್ಡಲ್ಲ. ನಗರಸಭೆಯಂತೂ ಅಲ್ಲವೇ ಅಲ್ಲ. ಅಪ್ಪ ಹಾಸಿಗೆಯಲ್ಲಿ ಬೆಚ್ಚಿದಾಗ ನೀನು ಕೆಲಸ ಬಿಟ್ಟು ಓಡಿಬಂದು ಎರಡೂ ಕೈಯಲ್ಲಿ ಅವರ ಕಿವಿ ಮುಚ್ಚುತ್ತಿದ್ದೆಯಲ್ಲ, ಅದು ಬಂತು. ಬೋರ್ಡಿನ ಮೇಲೆ ಆಜ್ಞೆ ಅಂತ ಇದ್ದರೂ ಅಷ್ಟೇ, ಕೋರಿಕೆ ಅಂತ ಇದ್ದರೂ ಅಷ್ಟೇ. ಬೋರ್ಡೇ ಇಲ್ಲದೆ ನೀನು ಬಾಯಲ್ಲಿ ಹೇಳಿದ್ದರೂ ನಾನು ಆ ಬೀದಿಯಲ್ಲಿ ಹಾರನ್ ಒತ್ತುತ್ತಿರಲಿಲ್ಲ.

ಆದ್ದರಿಂದ ಆ ತಗಡನ್ನು ಹೊತ್ತು ತಂದು ನೀನು ಸಿಕ್ಕಿಹಾಕಿಕೊಳ್ಳಬೇಡ. ಅದು ಸುಳ್ಳು ಬೋರ್ಡು ಅಂತ ಒಪ್ಪಿಕೊಂಡರೆ ನಿನ್ನ ಮೇಲೂ ಕೇಸು ಹಾಕಬಹುದು ಅಂತ ವಕೀಲರು ಹೇಳಿದ್ದಾರೆ. ಸೂಜಿಗೆ ದಾರ ಪೋಣಿಸಲು ಕನ್ನಡಕ ಹುಡುಕುವ ವಯಸ್ಸಿನಲ್ಲಿ ನಿನ್ನನ್ನು ಈ ಜಾಲರಿಯ ಹಿಂದೆ ನೋಡಲು ನನಗೆ ಆಗುವುದಿಲ್ಲ.

ಮಗ


ಜೂನ್ 7

ಮಗನೇ,

ನಿನ್ನ ಪತ್ರ ಓದಿದ ದಿನ ಮಷೀನು ಮುಟ್ಟಲಿಲ್ಲ. ಅಂಗಡಿಯವರು ಶರ್ಟು ಕೇಳಲು ಬಂದರೆ ಜ್ವರ ಅಂತ ಹೇಳಿ ಕಳಿಸಿದೆ.

ಯಾಕೋ ಬರೆದೆ ಅದನ್ನೆಲ್ಲ! ಈಗ ನನಗೆ ಇನ್ನೂ ಸ್ಪಷ್ಟವಾಯಿತು. ಹಾರನ್ನಿನ ಮೇಲಿದ್ದ ನಿನ್ನ ಕೈಯನ್ನು ತೆಗೆಸಿದವಳು ನಾನು. ಅದನ್ನು ನಾನು ಹೇಳದಿದ್ದರೆ ಇನ್ಯಾರು ಹೇಳಬೇಕು? ಹದಿನಾರನೇ ತಾರೀಕು ನಿನ್ನ ಕೇಸು ಇದೆ ಅಂತ ವಕೀಲರು ತಿಳಿಸಿದರು. ನಾನು ಬರುತ್ತೇನೆ, ಸಾಕ್ಷಿ ಹೇಳುತ್ತೇನೆ ಅಂತ ಅವರಿಗೆ ಮಾತು ಕೊಟ್ಟು ಬಂದಿದ್ದೇನೆ. ಬೋರ್ಡು ತರುತ್ತೇನೆ. ಆಜ್ಞೆ ಅನ್ನುವ ಮಾತು ನನ್ನದು, ಮೇಷ್ಟ್ರು ಬೇಡ ಅಂದಿದ್ದರು, ಕೋರಿಕೆ ಅಂತಲೇ ಬರೆದು ತಂದಿದ್ದರು, ಅಂತ ಜಡ್ಜ್ ಸಾಹೇಬರ ಮುಂದೆ ಹೇಳುತ್ತೇನೆ. ಅವರ ಹೆಸರಿಗೂ ಮಸಿ ಹತ್ತುವುದಿಲ್ಲ. ನನ್ನನ್ನು ಒಳಗೆ ಹಾಕುವುದಾದರೆ ಹಾಕಲಿ. ಅಲ್ಲಿಯ ಹೆಂಗಸರಿಗೂ ಗುಂಡಿ ಹಾಕುವವರು ಬೇಕಲ್ಲ.

ಹೆದರಬೇಡ. ಆವತ್ತು ನೀನು ಸುಮ್ಮನೆ ನಿಂತುಕೊ. ಸುಮ್ಮನೆ ನಿಲ್ಲುವುದು ನಿನಗೆ ಕಷ್ಟವಲ್ಲ. ಮಾತು ನನ್ನದು.

ಅಮ್ಮ


ಜೂನ್ 12

ಅಮ್ಮ,

ಈ ಪತ್ರ ನಿನಗೆ ಹದಿನಾರರೊಳಗೆ ಮುಟ್ಟಬೇಕು. ಓದುವ ಸಾಹೇಬರನ್ನು ಬೇಡಿಕೊಂಡಿದ್ದೇನೆ, ಇವತ್ತೇ ಹಾಕಿಸುತ್ತೇನೆ ಅಂದಿದ್ದಾರೆ.

ಬರಬೇಡ. ನಾನು ತಪ್ಪು ಒಪ್ಪಿಕೊಳ್ಳುತ್ತಿದ್ದೇನೆ. ಒಪ್ಪಿಕೊಂಡರೆ ಸಾಕ್ಷಿಯ ವಿಚಾರಣೆಯೇ ಇರುವುದಿಲ್ಲವಂತೆ. ಬೋರ್ಡು ಯಾರು ಬರೆದರು ಅಂತ ಯಾರೂ ಕೇಳುವುದಿಲ್ಲ. ಮೇಷ್ಟ್ರು ಮೇಷ್ಟ್ರಾಗೇ ಉಳಿಯುತ್ತಾರೆ, ನೀನು ಮನೆಯಲ್ಲಿ ಉಳಿಯುತ್ತೀಯ. ಶಿಕ್ಷೆ ಎಷ್ಟಾದರೂ ಆಗಲಿ. ಅವರು ಸತ್ತದ್ದು ನನ್ನ ಲಾರಿಯಿಂದ, ಅದಕ್ಕೆ ಯಾವ ಬೋರ್ಡು ತಂದರೂ ಉತ್ತರವಿಲ್ಲ.

ಆ ದಿನ ಮನೆಯಲ್ಲೇ ಇರು. ನಲ್ಲಿ ರಿಪೇರಿಗೆ ಯಾರನ್ನಾದರೂ ಕರೆಸು, ನಾನು ಬರುವುದು ತಡವಾಗುತ್ತದೆ.

ಮಗ


ಜೂನ್ 21

ಮಗನೇ,

ನಿನ್ನ ಹನ್ನೆರಡನೇ ತಾರೀಕಿನ ಪತ್ರ ನಿನ್ನೆ ಬಂತು.

ನಾನು ಹದಿನಾರಕ್ಕೆ ಹೋಗಿಬಿಟ್ಟಿದ್ದೆ. ಬೋರ್ಡಿಗೆ ನಿನ್ನ ಹಳೇ ಬೆಡ್‌ಶೀಟು ಸುತ್ತಿ, ದಾರ ಕಟ್ಟಿ, ತಬ್ಬಿ ಹಿಡಿದುಕೊಂಡು ಬಸ್ಸು ಹತ್ತಿದೆ. "ಏನಮ್ಮಾ, ಹೊಸ ಟೀವಿನಾ?" ಅಂತ ಕಂಡಕ್ಟರ್ ಕೇಳಿದ. ಹೌದು ಅಂದೆ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಮನಸ್ಸಿನಲ್ಲಿ ಹೇಳಿಕೊಂಡೆ. ನನ್ನ ಜನ್ಮದಲ್ಲಿ ಅಷ್ಟು ಅಚ್ಚುಕಟ್ಟಾಗಿ ಯಾವ ಮಾತೂ ಜೋಡಿಸಿರಲಿಲ್ಲ.

ಕೋರ್ಟಿನ ಹೊರಗಿನ ಬೆಂಚಿನಲ್ಲಿ ಕೂತಿದ್ದೆ. ಎದುರಿನ ಬೆಂಚಿಗೆ ಮೇಷ್ಟ್ರ ಮನೆಯ ಅಕ್ಕ ಬಂದು ಕೂತರು. ನಾವಿಬ್ಬರೂ ನೆಲ ನೋಡಿಕೊಂಡಿದ್ದೆವು. ಅವರ ಕಣ್ಣು ಒಂದೆರಡು ಸಲ ಬೆಡ್‌ಶೀಟಿನ ಮೇಲೆ ಬಂದು ಹೋಯಿತು. ಕೇಸು ಕೂಗಿದಾಗ ಎದ್ದು ಒಳಗೆ ಹೋದೆ. ಗಂಟು ಬಿಚ್ಚುವಷ್ಟರಲ್ಲಿ ಎಲ್ಲ ಮುಗಿದಿತ್ತು. ನೀನು ತಲೆ ತಗ್ಗಿಸಿ ನಿಂತಿದ್ದೆ. "ತಿರುವಿನಲ್ಲಿ ಹಾರನ್ ಯಾಕೆ ಮಾಡಲಿಲ್ಲ?" ಅಂತ ಜಡ್ಜ್ ಸಾಹೇಬರು ಒಂದೇ ಪ್ರಶ್ನೆ ಕೇಳಿದರು. ನೀನು "ಮರೆತೆ ಸ್ವಾಮಿ" ಅಂದೆ. ಅಷ್ಟು ಗಟ್ಟಿಯಾಗಿ ನೀನು ಮಾತಾಡಿದ್ದು ನಾನು ಕೇಳಿಯೇ ಇರಲಿಲ್ಲ.

ನಾನು ಕೂಗಿದೆ. "ಮರ್ತಿಲ್ಲ ಸ್ವಾಮಿ, ಅವನು ಮರ್ತಿಲ್ಲ" ಅಂತ ಇರುವ ಉಸಿರನ್ನೆಲ್ಲ ಹಾಕಿ ಕೂಗಿದೆ. ಬಾಗಿಲ ಹತ್ತಿರದ ಜವಾನ "ನಿಶ್ಶಬ್ದ!" ಅಂತ ನನ್ನ ಮೇಲೆ ಕೂಗಿದ. ಹೆಂಗಸು ಪೊಲೀಸು ಬಂದು ಹೆಗಲು ಹಿಡಿದು ಹೊರಗೆ ಕೂರಿಸಿದಳು. ನಾಲ್ಕು ವರ್ಷ ಅಂತ ವಕೀಲರು ಹೊರಗೆ ಬಂದು ಹೇಳಿದರು. ಲೈಸೆನ್ಸು ಇನ್ನು ಯಾವತ್ತೂ ಇಲ್ಲ ಅಂದರು. ನಾನು ಬೋರ್ಡು ತೋರಿಸಿದೆ. ಈಗಲಾದರೂ ಮೇಲಿನ ಕೋರ್ಟಿಗೆ ಕೊಡಿ ಅಂದೆ. "ಅವನೇ ಒಪ್ಪಿಕೊಂಡ ಮೇಲೆ ಇದು ಬರೀ ತಗಡಮ್ಮಾ" ಅಂದರು.

ಬರುವಾಗಲೂ ಅದೇ ಕಂಡಕ್ಟರ್. "ಯಾಕೆ, ಟೀವಿ ವಾಪಸ್ಸಾ?" ಅಂದ.

ನನಗೆ ನಿನ್ನ ಮೇಲೆ ಕೋಪ ಬಂದಿದೆ. ನನ್ನನ್ನು ಕಾಪಾಡು ಅಂತ ನಿನಗೆ ಯಾರು ಹೇಳಿದ್ದು? ನನ್ನ ಪಾಲಿನ ಒಂದು ಮಾತು ಇತ್ತು, ಅದನ್ನೂ ನೀನು ಕಿತ್ತುಕೊಂಡೆ. ಈಗ ಈ ಮಾತನ್ನು ಇಟ್ಟುಕೊಂಡು ನಾನೇನು ಮಾಡಲಿ?

ಅಮ್ಮ


ಸೆಪ್ಟೆಂಬರ್ 30

ಮಗನೇ,

ಕೋಪ ಇಳಿಯಲು ಇಷ್ಟು ದಿನ ಬೇಕಾಯಿತು. ಮಧ್ಯದಲ್ಲಿ ನೀನು ಬರೆದ ಎರಡೂ ಪತ್ರ ಸಿಕ್ಕಿವೆ. ಸಾಹೇಬರೇ, ನೀವು ಆವತ್ತು ಹೇಳಿದ ದಿನವೇ ಪತ್ರ ಹಾಕಿಸಿದ್ದಿರಿ, ಅಂಚೆಯ ಮುದ್ರೆ ನೋಡಿದೆ. ನಿಮ್ಮ ತಪ್ಪಿಲ್ಲ.

ನಮ್ಮ ಮನವಿ ಮಂಜೂರಾಯಿತು. ಪರಿಶೀಲನೆ ಮುಗಿಯಿತು! ಕಳೆದ ವಾರ ನಗರಸಭೆಯ ಗಾಡಿ ಬಂದು ಅದೇ ತಿರುವಿನಲ್ಲಿ ಹೊಸ ಕಂಬ ನೆಟ್ಟು, ನೀಲಿ ಬಣ್ಣದ ದೊಡ್ಡ ಬೋರ್ಡು ಹಾಕಿ ಹೋಯಿತು. ನಿಶ್ಶಬ್ದ ವಲಯ, ಹಾರನ್ ನಿಷೇಧಿಸಲಾಗಿದೆ, ಆಜ್ಞೆಯ ಮೇರೆಗೆ. ಸೆಕ್ರೆಟರಿ ಫೋಟೋ ತೆಗೆಸಿಕೊಂಡರು. ಗಾಡಿಯವರು ಇನ್ನೂ ಬೀದಿ ದಾಟಿರಲಿಲ್ಲ, ಹಿಂದೆ ಬಂದ ಲಾರಿಯವನು ದಾರಿ ಬಿಡಿ ಅಂತ ಅವರಿಗೇ ಹಾರನ್ ಹೊಡೆದ. ಅವತ್ತಿನಿಂದ ದಿನವೂ ನೋಡುತ್ತಿದ್ದೇನೆ. ಒಬ್ಬನೂ ತಲೆಯೆತ್ತಿ ಓದುವುದಿಲ್ಲ. ಓದಿದವನು ಒಬ್ಬನಿದ್ದ.

ಇನ್ನೊಂದು ವಿಷಯ. ಮೊನ್ನೆ ಮೇಷ್ಟ್ರ ಮನೆಯ ಅಕ್ಕ ನಮ್ಮ ಮನೆಗೆ ಬಂದರು. ಬಾಗಿಲು ತೆರೆದು ಅವರನ್ನು ಕಂಡವಳೇ ಕುರ್ಚಿಯ ಮೇಲಿನ ಶರ್ಟುಗಳನ್ನು ತೆಗೆದು ಜಾಗ ಮಾಡಿದೆ. ಒಳಗೆ ಬಂದು ಕೂತು, "ಆವತ್ತು ಕೋರ್ಟಿಗೆ ಬೆಡ್‌ಶೀಟಲ್ಲಿ ಸುತ್ತಿ ತಂದಿದ್ದು ಏನು?" ಅಂತ ಕೇಳಿದರು.

ತೆಗೆದು ತೋರಿಸಿದೆ. ಮಷೀನಿನ ಹಿಂದಿನ ಗೋಡೆ ಈ ಮಳೆಗಾಲದಲ್ಲಿ ಒದ್ದೆಯಾಗಿ, ಮೇಷ್ಟ್ರು ಮೇಲೆ ಬಳಿದಿದ್ದ ಬಿಳಿ ಬಣ್ಣ ಹಕ್ಕಳೆ ಎದ್ದಿತ್ತು. ಆಜ್ಞೆ ಅರ್ಧ ಉದುರಿ ಅಡಿಯಿಂದ ಕೋರಿಕೆ ಕಾಣುತ್ತಿತ್ತು. ಅವರು ಬೆರಳು ಆಡಿಸಿ ಓದಿದರು.

"ಇದು ಮೊದಲು ಬರೆದಿದ್ದಾ?"

"ಹೌದಕ್ಕಾ. ಅವರು ಬರೆದಿದ್ದು ಕೋರಿಕೆ ಅಂತಾನೇ. ಆಜ್ಞೆ ನಂದು. ಹಟ ಮಾಡಿ ಬರೆಸಿದೆ."

ಕೋರ್ಟಿನಲ್ಲಿ ಹೇಳಬೇಕಾಗಿದ್ದನ್ನೆಲ್ಲ ಅವರಿಗೆ ಹೇಳಿದೆ. ಜೋಡಿಸಿಟ್ಟಿದ್ದ ಮಾತು ಒಂದೂ ನೆನಪಾಗಲಿಲ್ಲ, ಬಂದ ಹಾಗೆ ಹೇಳಿದೆ. ನಿನ್ನ ಕೈ ಹಾರನ್ನಿನ ಮೇಲೆ ಹೋಗಿದ್ದನ್ನೂ, ಅದು ಯಾಕೆ ಒತ್ತಲಿಲ್ಲ ಅನ್ನುವುದನ್ನೂ ಹೇಳಿದೆ. ಅವರು ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು. "ಅವನು ಹಾರನ್ ಹೊಡೆದಿದ್ರೆ ಇವರು ನಿಲ್ತಿದ್ರು. ಹಾರನ್ ಅಂದ್ರೆ ಎಷ್ಟು ಹೆದರ್ತಿದ್ರು ಗೊತ್ತಾ" ಅಂದರು, ಅಷ್ಟೇ. ಕ್ಷಮಿಸಿದೆ ಅನ್ನಲಿಲ್ಲ. ನಾನೂ ಕೇಳಲಿಲ್ಲ. ಹೋಗುವಾಗ "ಅವರ ಅಕ್ಷರ ನನಗೆ ಬೇಕು" ಅಂತ ಬೋರ್ಡನ್ನು ತಾವೇ ಎತ್ತಿಕೊಂಡು ಬೀದಿ ದಾಟಿದರು. ಕಿಟಕಿ ಇನ್ನೂ ಮುಚ್ಚಿಯೇ ಇದೆ.

ಮಷೀನಿನ ಹಿಂದೆ ಈಗ ಖಾಲಿ. ನಲ್ಲಿ ಸೋರುತ್ತಲೇ ಇದೆ, ಯಾರನ್ನೂ ಕರೆಸಿಲ್ಲ. ನೀನೇ ಬಂದು ಮಾಡು.

ನೀನು ಬಿಡುಗಡೆಯಾಗುವ ದಿನ ನಾನು ಜೈಲಿನ ಬಾಗಿಲಿಗೆ ಬರುವುದಿಲ್ಲ, ಮನೆಯಲ್ಲೇ ಇರುತ್ತೇನೆ. ಲಾರಿ ಇಲ್ಲ, ಲೈಸೆನ್ಸಿಲ್ಲ, ನಡೆದೇ ಬರುತ್ತೀಯ. ಗೋದಾಮಿನ ತಿರುವಿಗೆ ಬಂದಾಗ ಆ ನೀಲಿ ಬೋರ್ಡಿನ ಕೆಳಗೆ ನಿಲ್ಲು. ನಿಂತು, ಈ ಬೀದಿಯ ಕಿಟಕಿಗಳೆಲ್ಲ ತೆರೆಯುವ ಹಾಗೆ, ನಿನ್ನ ಗಂಟಲು ಹರಿದುಹೋಗುವ ಹಾಗೆ, ಅಮ್ಮಾ ಅಂತ ಒಂದು ಸಲ ಕೂಗು.

ಇದು ಆಜ್ಞೆಯಲ್ಲ ಮಗನೇ. ಕೋರಿಕೆ.

ಅಮ್ಮ